ಕುರಿಯ ಬೆನ್ನಿಗೆ ಅಕ್ಷರ ಬರೆದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಒಂದನೇ ಕ್ಲಾಸಿನ ಟೀಚರೋ, ಒಂದನೇ ಕ್ಲಾಸಿನ ಮಗುವೋ ಎಂಬುದು ಶಿಕಾರಿಪುರದ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಬೆಳಿಗ್ಗೆ ಬಂದಳಿಕೆ ಕಡೆಯ ಬಸ್ಸು ಹತ್ತುವಾಗ ಅವರ ಚೀಲದಲ್ಲಿ ಪಠ್ಯಪುಸ್ತಕವೊಂದನ್ನು ಬಿಟ್ಟು ಹುಣಸೆಬೀಜ, ಗೆಜ್ಜೆ, ಹಳೇ ಗುಂಡಿ ಎಲ್ಲವೂ ಇರುತ್ತವೆ. "ಏನ್ರೀ ಮೇಡಂ, ಸಂತೆಗಾ?" ಎಂದು ಕೇಳಿದ ಕಂಡಕ್ಟರನಿಗೆ, "ಅಲ್ಲಪ್ಪ, ಶಾಲೆಗೆ. ನಿಂಗೆ ಒತ್ತಕ್ಷರ ಸರಿ ಬರ್ತವಾ?" ಎಂದರಂತೆ. ಪಾಪ, ಅವನೀಗ ಟಿಕೆಟನ್ನು ದೂರದಿಂದಲೇ ಚಾಚುತ್ತಾನೆ!

ಅವರ ಕ್ಲಾಸಿನಲ್ಲಿ ಬೆರಳು ಮಡಚಲಾಗದೆ ಬಳಪ ಹಿಡಿಯಲಾರದ ಮಗುವೊಂದಿತ್ತು. ಚಿಕ್ಕಮ್ಮ ಅದಕ್ಕೆ ಚಪಾತಿ ಹಿಟ್ಟು ಕೊಟ್ಟು ಅಕ್ಷರ ಹೊಸೆಯಲು ಹೇಳಿದರು. ಅದು ಖುಷಿಯಿಂದ ಹೊಸೆಯಿತು. ಉಳಿದವರು ಸುಮ್ಮನಿರುತ್ತಾರೆಯೇ? ಇಡೀ ಕ್ಲಾಸೇ ಹಿಟ್ಟಿಗೆ ಕೈಹಾಕಿತು. ಬಿಸಿಯೂಟದ ಅಡುಗೆಯಮ್ಮ ಅಕ್ಷರಗಳನ್ನು ಹಂಚಿನ ಮೇಲೆ ಸುಟ್ಟೂ ಕೊಟ್ಟರು. ಸಂಜೆ ಮನೆಮನೆಯಲ್ಲಿ "ಇವತ್ತೇನು ಕಲ್ತೆ?" ಎಂದರೆ, "ಕ ತಿಂದೆ, ಗ ತಿಂದೆ, ಳ ಸೀದೋಗಿತ್ತು" ಎಂಬ ವರದಿ! ಸೊರಬದ ಕಡೆಯ ಸಾಧು ಹೆಡ್‌ಮಾಸ್ತರರು ಕೈಮುಗಿದರು: "ಅಕ್ಷರ ಕಲಿಸಿ ಮಾರಾಯ್ರೆ, ಖಾಲಿ ಮಾಡಬೇಡಿ!"

ಇನ್ನು ಕುರಿ ಕಾಯುವವರ ಮನೆಯ ಹುಡುಗಿಯ ವಿಷಯ. ಅವಳಿಗೆ 'ಮ' ಮತ್ತು 'ವ' ಒಂದೇ ಥರ ಕಾಣುತ್ತಿದ್ದವು. ಅವಳಪ್ಪ ಒಂದು ದಿನ ಬಂದು, "ಇದರ ತಲೆಗೆ ಓದು ಹತ್ತಂಗಿಲ್ಲ ಬಿಡ್ರೀ ಟೀಚರಮ್ಮ, ಕುರಿ ಹಿಂದೆ ಕಳಿಸ್ತೀನಿ" ಎಂದ.

"ಕುರಿಗಳ ಗುರುತು ಹಿಡೀತಾಳಾ?"

"ಒಂದೊಂದನ್ನೂ ಹಿಡೀತಾಳ್ರೀ, ಕತ್ತಲಾಗೂ!"

"ಹಂಗಾದ್ರೆ ನಾನೇ ಕುರಿ ಹಿಂದೆ ಬರ್ತೀನಿ ನಡೀರಿ!"

ಹೋಗೇಬಿಟ್ಟರು! ಗುರುತಿಗೆ ಹಚ್ಚುವ ಕೆಂಪು ಬಣ್ಣದಲ್ಲಿ ಕುರಿಗಳ ಬೆನ್ನಿಗೆ ಅಕ್ಷರ ಬರೆದರು. ಶಾಲೆ ಬಿಟ್ಟ ಮೇಲೆ ಹುಡುಗಿ ಅಕ್ಷರಗಳನ್ನು ಮೇಯಿಸತೊಡಗಿದಳು. ವಾರ ಕಳೆಯುವುದರೊಳಗೆ ಪಕ್ಕದ ಜೋಳದ ಹೊಲದವನೊಬ್ಬ ಶಾಲೆಗೆ ನುಗ್ಗಿದ: "ಮೇಡಮ್ಮಾರೆ, ನಿಮ್ಮ 'ಮ' ನಮ್ಮ ಹೊಲ ಮೇಯಾಕ ಹತ್ತೈತೆ!" ಚಿಕ್ಕಮ್ಮ ಕಿಟಕಿಯಿಂದ ಇಣುಕಿ ನೋಡಿ, "ಅದು 'ಮ' ಅಲ್ರೀ, 'ವ'. ಸರಿಯಾಗಿ ಓದ್ರೀ!" ಎಂದರು.

ಕುರಿಮಂದೆ ಬೇರೆ ಸೀಮೆಗೆ ಹೊರಡುವ ದಿನ ನಾನು ಆ ಶಾಲೆಯಲ್ಲಿದ್ದೆ, ಚಿಕ್ಕಮ್ಮ ಮನೆಯಲ್ಲಿ ಮರೆತಿದ್ದ ಕನ್ನಡಕ ಕೊಡಲು. ಹುಡುಗಿಯನ್ನು ಕರೆದೊಯ್ಯಲು ಅವಳಪ್ಪ ಬಾಗಿಲಿಗೆ ಬಂದು ನಿಂತಿದ್ದ. ಚಿಕ್ಕಮ್ಮ ಜಗಳ ಆಡಲಿಲ್ಲ. ಬೋರ್ಡಿನ ಮೇಲೆ 'ಮಾವ ಬಂದ' ಎಂದು ಬರೆದು ಹುಡುಗಿಯನ್ನು ಕರೆದರು.

ಅವಳು ಮೊದಲ ಅಕ್ಷರದ ಕೆಳಗೆ ಬೆರಳಿಟ್ಟು ನಿಂತಳು. ನಿಂತೇ ಇದ್ದಳು. ಹೇಳಿಕೊಡಲು ಮಕ್ಕಳ ನಾಲಿಗೆ ತುರಿಸುತ್ತಿತ್ತು, ಚಿಕ್ಕಮ್ಮ ಕಣ್ಣಲ್ಲೇ ತಡೆದರು. ಊಟದ ಗಂಟೆ ಹೊಡೆಯಿತು. ಒಂದು ಮಗುವೂ ಏಳಲಿಲ್ಲ.

"ಮಾ... ವ... ಮಾವ ಬಂದ."

ಅಪ್ಪ ಹೆಗಲ ಮೇಲಿನ ಕಂಬಳಿ ಇಳಿಸಿ, ಮಕ್ಕಳ ಸಾಲಿನ ಕೊನೆಯಲ್ಲಿ ನೆಲಕ್ಕೆ ಕೂತ.

"ಇನ್ನೊಂದ್ಸಲ ಓದವ್ವಾ" ಎಂದ. "ಕುರಿ ನಾ ನೋಡ್ಕೋತೀನಿ."