ದನದ ಗಂಟಿನ ಜೋಕಾಲಿ

ನಾನು ಕೈಯಾರೆ ಮಾಡಿದ ವಸ್ತುಗಳಿಗೆ ನಾನೇ ಹೆದರುತ್ತೇನೆ. ಮಾಡುವಾಗ ಹೆದರಿಕೆ ಇರುವುದಿಲ್ಲ. ಆಗ ಕತ್ತರಿ, ಅಂಟು, ದಾರಗಳ ನಡುವೆ ಕಾಲು ಚಾಚಿ ಕುಳಿತು ಒಲೆಯ ಮೇಲಿನ ಹಾಲನ್ನೂ ಮರೆತಿರುತ್ತೇನೆ. ಮಾಡಿ ಮುಗಿಸಿ, ಗೋಡೆಗೋ ಬಾಗಿಲಿಗೋ ತೂಗುಹಾಕಿದ ಮೇಲೆ, ನೋಡಲು ಬಂದವರು ‘ಭಾಳ ಚಂದ ಆಗೇತ್ರಿ’ ಎನ್ನುತ್ತ ಸರಿಯಾಗಿ ಅದರ ಕೆಳಗೇ ಹೋಗಿ ನಿಲ್ಲುತ್ತಾರಲ್ಲ, ಆಗ ನನ್ನ ಎದೆ ಹೊಡೆದುಕೊಳ್ಳತೊಡಗುತ್ತದೆ. ಅಂಗಡಿಯಿಂದ ತಂದದ್ದು ಬಿದ್ದರೆ ಅಂಗಡಿಯವನನ್ನು ಬೈಯಬಹುದು. ನಾನೇ ಮಾಡಿದ್ದು ಬಿದ್ದರೆ ಬೈಯುವುದಕ್ಕೆ ನಾನೊಬ್ಬಳೇ ಸಿಗುತ್ತೇನೆ, ಆ ಕೆಲಸವನ್ನು ನಮ್ಮ ಮನೆಯವರು ನನಗೆ ಬಿಟ್ಟುಕೊಡುವುದಿಲ್ಲ.

ಮೂವತ್ತು ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು ನಾನು. ಶಿಗ್ಗಾಂವದ ಅರ್ಧ ಊರು ಇವತ್ತಿಗೂ ನನ್ನನ್ನು ‘ನರ್ಸಬಾಯಾರ’ ಎಂದೇ ಕರೆಯುತ್ತದೆ. ನಿವೃತ್ತಿಯಾದ ಮೊದಲ ವಾರವೇ ಕೈಗಳಿಗೆ ಏನು ಮಾಡಬೇಕೆಂದು ತಿಳಿಯದಾಯಿತು. ಇಂಜೆಕ್ಷನ್ ಕೊಡೋಣವೆಂದರೆ ಇಡೀ ದಿನ ಮನೆಯಲ್ಲಿ ಇರುವುದು ಗಂಡ ಒಬ್ಬರೇ, ಅವರಿಗೆ ಜ್ವರವೂ ಬರುವುದಿಲ್ಲ. ಹೀಗೆ ಫೋನಿನಲ್ಲಿ ವಿಡಿಯೋ ನೋಡಿ ಕರಕುಶಲ ಕಲೆಗಳಿಗೆ ಇಳಿದೆ. ತೆಂಗಿನ ಚಿಪ್ಪಿನಲ್ಲಿ ದೀಪ ಮಾಡಿದೆ, ಅದು ಹೊಗೆ ಬಿಟ್ಟಿತು. ಹಳೇ ಪೇಪರು ನೆನೆಸಿ ಅರೆದು ಹಣ್ಣಿನ ಬುಟ್ಟಿ ಮಾಡಿದೆ. ಮಳೆಗಾಲದಲ್ಲಿ ಬುಟ್ಟಿ ಬಾಳೆಹಣ್ಣಿಗಿಂತ ಮೊದಲು ಕೊಳೆಯಿತು. ನಮ್ಮ ಮನೆಯವರು ಸವಣೂರಿನವರು, ಮಾತು ಕಡಿಮೆ, ಆದರೆ ಆಡಿದ್ದು ನಾಲ್ಕು ದಿನ ಉರಿಯುತ್ತದೆ. ಆ ಬುಟ್ಟಿಯನ್ನು ಎರಡು ಬೆರಳಿನಲ್ಲಿ ಹಿಡಿದು ಹಿತ್ತಲಿಗೆ ಒಯ್ಯುವಾಗ, “ಇದನ್ನ ದವಾಖಾನಿಗೆ ಒಯ್ಯಲೋ, ಮಣ್ಣಿಗೆ ಒಯ್ಯಲೋ?” ಎಂದು ಕೇಳಿದ್ದರು.

ಇಷ್ಟಾದರೂ ಪರವಾಗಿರಲಿಲ್ಲ. ನನ್ನ ಮಾನ ನಿಜವಾಗಿ ಹೋದದ್ದು ಮಗಳು ಸವಿತಾಳ ನಿಶ್ಚಿತಾರ್ಥದ ದಿನ. ಹಳೇ ಗಾಜಿನ ಬಳೆಗಳಿಗೆಲ್ಲ ರೇಷ್ಮೆ ದಾರ ಸುತ್ತಿ ಬಾಗಿಲಿಗೆ ಒಂದು ತೋರಣ ಮಾಡಿದ್ದೆ. ಚಿಕ್ಕೇರೂರಿನ ಬೀಗರು ಹೊಸ್ತಿಲು ದಾಟುವ ಹೊತ್ತಿಗೆ ಅದು ಕಳಚಿ ಅವರ ರುಮಾಲಿನ ಮೇಲೆ ಬಿತ್ತು. ಒಂದು ಬಳೆ ಕಿವಿಗೆ ಸಿಕ್ಕಿಕೊಂಡಿತು. ಅವರು ಒಳ್ಳೆಯ ಮನುಷ್ಯರು, ನಗುತ್ತಲೇ “ಏನ್ರಿ ಬಾಯಾರ, ಹೆಣ್ಣು ಕೊಡೂಕಿಂತ ಮೊದಲ ನಮಗ ಬಳಿ ಇಡಿಸಿಬಿಟ್ರಲ್ಲ” ಎಂದರು. ಮಂದಿಯೆಲ್ಲ ನಕ್ಕರು, ನಾನೂ ನಕ್ಕೆ. ಆ ಮಾತು ಚಿಕ್ಕೇರೂರಿನಲ್ಲಿ ಎಷ್ಟು ಮನೆ ತಿರುಗಿರಬಹುದೆಂದು ಲೆಕ್ಕ ಹಾಕುತ್ತ ನಾನು ತಿಂಗಳುಗಟ್ಟಲೆ ಸೊರಗಿದೆ. ಆ ಊರಿನವರ ಎದುರು ನಾನು ಮಾಡಿದ್ದು ಇನ್ನೊಮ್ಮೆ ಬೀಳಬಾರದು ಎಂದು ಗಟ್ಟಿ ಮನಸ್ಸು ಮಾಡಿದೆ. ಮಾಡುವುದನ್ನೇ ಬಿಡಬೇಕು ಎಂದು ಮಾತ್ರ ಹೊಳೆಯಲಿಲ್ಲ.

ಅದಾದ ಮೇಲೆ ಮ್ಯಾಕ್ರಮೆ ಬಂತು. ಹತ್ತಿಯ ಹಗ್ಗವನ್ನು ಗಂಟು ಹಾಕುತ್ತ ಹಾಕುತ್ತ ಹೆಣೆಯುವ ಕಲೆ ಅದು. ಮೊದಲು ಹೂಕುಂಡ ತೂಗುವ ಬಲೆ ಮಾಡಿದೆ, ಅದು ಬೀಳಲಿಲ್ಲ. ಬೀಳಲಿಲ್ಲವೆಂಬ ಸೊಕ್ಕಿಗೆ ಒಬ್ಬರು ಕೂರಬಹುದಾದ ಬುಟ್ಟಿಯಂಥ ಜೋಕಾಲಿಗೆ ಕೈ ಹಾಕಿದೆ. ಎರಡು ತಿಂಗಳು ಹಿಡಿಯಿತು. ಪಡಸಾಲೆಯ ಸೂರಿನಲ್ಲಿ ಮನೆ ಕಟ್ಟಿಸಿದಾಗಲೇ ಹಾಕಿಸಿದ್ದ ಕಬ್ಬಿಣದ ಕೊಂಡಿ ಇತ್ತು. ಅದರಿಂದ ಒಂದು ದಪ್ಪ ಹಗ್ಗ ಇಳಿಬಿಟ್ಟು, ಕೂತವರ ತಲೆಯ ಮೇಲೆ ಬರುವಂತೆ ಜೋಕಾಲಿಯ ಕಬ್ಬಿಣದ ಬಳೆಗೆ ಆ ಹಗ್ಗವನ್ನು ಬಿಗಿದೆ. ಇಡೀ ಜೋಕಾಲಿ ನಿಂತಿದ್ದು ಆ ಒಂದು ಗಂಟಿನ ಮೇಲೆ. ಕೊನೆಗೆ ಗಂಟಿನಿಂದ ಮೊಳದುದ್ದ ಹಗ್ಗದ ತುದಿ ಮಿಕ್ಕು ಇಳಿಬಿದ್ದಿತ್ತು. ಕತ್ತರಿಸಲು ಮನಸ್ಸಾಗದೆ ಅದಕ್ಕೆ ಕೆಂಪು ಉಲನ್ನಿನ ಒಂದು ಗೊಂಡೆ ಕಟ್ಟಿದೆ. ನೋಡಿದವರಿಗೆ ಒಮ್ಮೆ ಹಿಡಿದು ಎಳೆಯಬೇಕು ಅನ್ನಿಸುವಷ್ಟು ಮುದ್ದಾದ ಗೊಂಡೆ.

ನಾನು ಹುಟ್ಟಿದ್ದು ದುಂಡಸಿಯಲ್ಲಿ, ಒಕ್ಕಲುತನದ ಮನೆಯಲ್ಲಿ. ಐದು ವರ್ಷಕ್ಕೇ ಅಪ್ಪ ನನಗೆ ದನ ಕಟ್ಟುವ ಗಂಟು ಕಲಿಸಿದ್ದ. ಅದು ಜಾರುಗಂಟು. ಎತ್ತು ಜಗ್ಗಿದಷ್ಟೂ ಬಿಗಿಯುತ್ತ ಹೋಗುತ್ತದೆ. ಆದರೆ ಇಳಿಬಿಟ್ಟ ತುದಿಯನ್ನು ಒಮ್ಮೆ ಎಳೆದರೆ ಸರಕ್ಕನೆ ಬಿಚ್ಚಿಬೀಳುತ್ತದೆ. “ಬಣವಿಗೆ ಬೆಂಕಿ ಬಿತ್ತಂದ್ರ, ಎತ್ತು ಕಾಲು ಸಿಗಿಸ್ಕೊಂತಂದ್ರ, ಒಂದ ಕೈಲೆ ಬಿಚ್ಚಾಕ ಬರಬೇಕು ನೋಡವಾ” ಎನ್ನುತ್ತಿದ್ದ. ದನದ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಗಂಟಿಲ್ಲ. ಜೋಕಾಲಿಯ ಮಟ್ಟಿಗೆ ಅದಕ್ಕಿಂತ ಕೆಟ್ಟ ಗಂಟಿಲ್ಲ.

ಬಳೆಗೆ ಹಗ್ಗ ಬಿಗಿಯುವ ದಿನ ನಾನು ಸ್ಟೂಲಿನ ಮೇಲೆ ನಿಂತು, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಸವಿತಾಳ ಜೊತೆ ಮಾತಾಡುತ್ತಿದ್ದೆ. ಮದುವೆಯಾಗಿ ಚಿಕ್ಕೇರೂರು ಸೇರಿದ್ದ ಆಕೆಗೆ ಆಗ ಬಸುರಿನ ಐದನೇ ತಿಂಗಳು, ಏನು ತಿನ್ನಬೇಕು ಏನು ತಿನ್ನಬಾರದು ಎಂದು ನಾನು ಹೇಳುತ್ತಿದ್ದೆ. ಬಾಯಿ ನರ್ಸಿನದು, ಕೈ ದುಂಡಸಿಯದು. ವಿಡಿಯೋದಲ್ಲಿ ತೋರಿಸಿದ್ದ ಗಂಟು ಯಾವುದೋ, ನನ್ನ ಕೈ ಹಾಕಿದ್ದು ಯಾವುದೋ. ಆಮೇಲೆ ನಾನೇ ಕೂತು ತೂಗಿಕೊಂಡೆ, ಗಟ್ಟಿಯಾಗಿಯೇ ಇತ್ತು. ಜಗ್ಗಿದಷ್ಟೂ ಬಿಗಿಯುವುದೇ ಅದರ ಗುಣವಲ್ಲವೇ.

ಗೊತ್ತಾದದ್ದು ಎರಡು ತಿಂಗಳ ನಂತರ, ಬೀಗಿತ್ತಿ ಶಂಕ್ರವ್ವ ನಮ್ಮ ಮನೆಗೆ ಬಂದ ದಿನ. ಸವಿತಾಳ ಏಳನೇ ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ದಿನ ಗೊತ್ತುಮಾಡಲು ಅತ್ತೆ ಸೊಸೆ ಇಬ್ಬರೂ ಅಳಿಯನ ಕಾರಿನಲ್ಲಿ ಹೊರಟಿದ್ದರು. “ಹಾನಗಲ್ ದಾಟೇವವ್ವಾ” ಎಂದು ಮಗಳ ಫೋನು ಬಂದ ಮೇಲೆ ನಾನು ಮನೆಯ ಧೂಳು ಝಾಡಿಸಿದೆ, ಹಾಸಿಗೆ ಬದಲಿಸಿದೆ, ಕೊನೆಗೆ ಗೊಂಡೆ ಸ್ವಲ್ಪ ಸೊಟ್ಟಗಿದೆ ಎಂದು ಹಿಡಿದು ಮೆಲ್ಲಗೆ ಎಳೆದೆ. ಗಂಟಿನೊಳಗಿನ ಹಗ್ಗದ ಮಡಿಕೆ ಒಂದು ಬೆರಳಿನಷ್ಟು ಜಾರಿತು. ತಲೆಯೆತ್ತಿ ನೋಡಿದೆ: ಅಪ್ಪನ ಗಂಟು. ಬಿಚ್ಚಿ ಬೇರೆ ಹಾಕೋಣವೆಂದು ಸ್ಟೂಲು ಎಳೆಯುವಷ್ಟರಲ್ಲಿ ಬಾಗಿಲಲ್ಲಿ ಕಾರಿನ ಹಾರ್ನ್ ಕೇಳಿಸಿತು.

ಮಡಿಕೆಯನ್ನು ಮತ್ತೆ ಒಳಗೆ ತುರುಕಿ ಬಿಗಿದೆ. ಯಾರೂ ಕೂರದಿರಲೆಂದು ಇಸ್ತ್ರಿ ಬಟ್ಟೆಗಳ ಒಂದು ಗುಡ್ಡೆಯನ್ನೇ ತಂದು ಜೋಕಾಲಿಯಲ್ಲಿ ಒಟ್ಟಿದೆ. ಅಳಿಯ ಇಬ್ಬರನ್ನೂ ಇಳಿಸಿ ಹುಬ್ಬಳ್ಳಿಗೆ ಕೆಲಸವಿದೆ ಎಂದು ಹೋದ. ಸವಿತಾ ಒಳಗೆ ಬಂದವಳೇ, “ನೋಡ್ರಿ ಅತ್ತಿ, ನಾ ಹೇಳಿದ್ನಲ್ಲ, ಇದ ಅವ್ವ ಮಾಡಿದ ಜೋಕಾಲಿ” ಎಂದು ಅದರ ಕಡೆಗೇ ನಡೆದಳು. ಶಂಕ್ರವ್ವ ಬಾಗಿಲಲ್ಲೇ ನಿಂತು ಜೋಕಾಲಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ಅವರ ಭಾರದ ಮೈಕಟ್ಟಿಗೆ ಒಪ್ಪದ ಚುರುಕಿನಿಂದ ಸೊಸೆಯನ್ನು ದಾಟಿ ಹೋಗಿ, “ತಡಿಯವಾ, ದೊಡ್ಡಾಕಿ ನಾ ಮೊದಲ ಕುಂಡ್ರತೇನಿ” ಎಂದು, ಬಟ್ಟೆಯ ಗುಡ್ಡೆಯನ್ನು ಸೋಫಾಕ್ಕೆ ಎತ್ತಿಟ್ಟು, ಕುಳಿತೇ ಬಿಟ್ಟರು. ಕೊಂಡಿ ಕಿರ್ರೆಂದಿತು. ಬೀಗರ ಮನೆಯಲ್ಲಿ ಇಷ್ಟು ಆತುರವೇ ಎಂದು ನನಗೆ ಒಳಗೊಳಗೇ ಸಿಟ್ಟೂ ಬಂತು.

“ಅಕ್ಕಾರ, ಅಲ್ಲಿ ಬ್ಯಾಡ್ರಿ. ಸೋಫಾದ ಮ್ಯಾಲೆ ಗಾಳಿ ಚಲೋ ಬರ್ತೈತಿ” ಎಂದೆ.

“ಇಲ್ಲೇ ಚಲೋ ಐತ್ರಿ ಬಾಯಾರ” ಎಂದು ಶಂಕ್ರವ್ವ ಕೈ ಮೇಲೆತ್ತಿ ಗೊಂಡೆ ಹಿಡಿದರು. “ಇದಕ್ಕ ಯಾ ದಾರ ಹಾಕೀರಿ? ಭಾಳ ಮೆತ್ತಗ ಐತಿ.”

“ಉಲನ್ ರೀ” ಎಂದೆ. ಅವರು ಗೊಂಡೆ ಬಿಡಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತರು.

ನಾನು ಅಡಿಗೆಮನೆಗೆ ಓಡಿದೆ. ನಮ್ಮ ಮನೆಯವರು ಚಹಾದ ಕಪ್ಪುಗಳನ್ನು ಒರೆಸುತ್ತಿದ್ದರು. “ರೀ, ಜೋಕಾಲಿಗೆ ದನದ ಗಂಟು ಹಾಕೇನಿ” ಎಂದು ಪಿಸುಗುಟ್ಟಿದೆ.

“ಯಾ ದನಾ?” ಎಂದರು.

ಬಿಡಿಸಿ ಹೇಳಿದೆ. ಅವರು ಕೈಯಲ್ಲಿದ್ದ ಕಪ್ಪು ಕೆಳಗಿಟ್ಟರು. “ಹೋಗಿ ಹೇಳಿಬಿಡು. ಮಣಕಾಲ ನೋವಿನ ಹೆಣ್ಮಗಳು, ಬಿದ್ದಗಿದ್ದಾರು.”

“ತೋರಣ ಬಿದ್ದಿದ್ದು ಇನ್ನೂ ಊರ ಮಂದಿ ಬಾಯಾಗ ಐತಿ. ಈಗ ಇದನ್ನೂ ಹೇಳ್ಲೇನು? ಹೆಂಗರ ಮಾಡಿ ಎಬ್ಬಸ್ತೇನಿ, ಸುಮ್ನಿರ್ರಿ.”

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಆ ವಯಸ್ಸಿನವರು ಅಷ್ಟೆತ್ತರದಿಂದ ಕುಂಡೆ ಊರಿ ಬಿದ್ದರೆ ಟೊಂಕದ ಎಲುಬು ಏನಾಗುತ್ತದೆ ಎಂಬುದು ನನಗೆ ಗೊತ್ತು. ಬಚ್ಚಲಲ್ಲಿ ಜಾರಿ ಬಿದ್ದವರನ್ನು, ಎಮ್ಮೆ ದೂಡಿ ಬಿದ್ದವರನ್ನು ಸ್ಟ್ರೆಚರಿನ ಮೇಲೆ ಎತ್ತಿ ಹಾಕಿದ ಕೈ ನನ್ನದು. ಮೂರು ಮೂರು ತಿಂಗಳು ಮಲಗಿದವರ ಬೆನ್ನಿಗೆ ಪೌಡರು ಹಚ್ಚಿದ್ದೇನೆ. ಚಹಾ ಸೋಸುತ್ತ ನಿಂತಾಗ ಅದೆಲ್ಲ ಕಣ್ಣ ಮುಂದೆ ಬಂತು. ಕುಬಸದ ದಿನ ಶಂಕ್ರವ್ವ ಮಂಚದ ಮೇಲೆ ಕಾಲಿಗೆ ಭಾರ ಕಟ್ಟಿಸಿಕೊಂಡು ಮಲಗಿದಂತೆಯೂ ಕಂಡಿತು. ಅರ್ಧ ಚಹಾ ಕಟ್ಟೆಯ ಮೇಲೆ ಹೋಯಿತು. ಇಷ್ಟೆಲ್ಲ ಗೊತ್ತಿದ್ದ ನರ್ಸಬಾಯಿ, ‘ನನಗೆ ಗಂಟು ಹಾಕಲು ಬರುವುದಿಲ್ಲ’ ಎಂಬ ಒಂದು ಮಾತು ಹೇಳಲಾರದೆ ಸಾಣಿಗೆ ಹಿಡಿದು ನಿಂತಿದ್ದಳು.

ಚಹಾ ಕೊಟ್ಟು, ಟೆರೇಸಿನ ಮೇಲೆ ಗುಲಾಬಿ ನೋಡಲು ಕರೆದೆ. ಮೆಟ್ಟಿಲು ಹತ್ತಲು ಮೊಣಕಾಲು ಒಲ್ಲೆ ಅನ್ನುತ್ತವೆ ಎಂದರು. ಹೊಸ ದೇವರ ಕಪಾಟು ತೋರಿಸುತ್ತೇನೆ ಎಂದೆ. ಹೋಗುವಾಗ ಕೈ ಮುಗಿದು ಹೋಗುತ್ತೇನೆ ಎಂದರು. ಕೊನೆಗೆ ಬೇರೆ ದಾರಿ ಕಾಣದೆ, “ಅಕ್ಕಾರ, ನಿಮ್ಮ ತಲಿ ಮ್ಯಾಲೆ ಹಲ್ಲಿ ಐತ್ರಿ” ಎಂದೆ.

“ಇರ್ಲಿ ಬಿಡ್ರಿ. ನಮ್ಮ ಹಿತ್ತಲದಾಗ ಹಾವ ಅಡ್ಡಾಡ್ತಾವು” ಎಂದು ಶಂಕ್ರವ್ವ ಇನ್ನಷ್ಟು ಹಿಂದಕ್ಕೆ ಒರಗಿದರು.

ಅಷ್ಟರಲ್ಲಿ ನಮ್ಮ ಮನೆಯವರು ಮಲಗುವ ಕೋಣೆಯಿಂದ ಒಂದು ಗಾದಿಯನ್ನೇ ಎಳೆದುಕೊಂಡು ಬಂದರು. ಅದನ್ನು ಜೋಕಾಲಿಯ ಕೆಳಗೆ ಹಾಸಿ, ಅದರ ಮೇಲೆ ಎರಡು ತಲೆದಿಂಬು ಇಟ್ಟರು. ಸವಿತಾ ಬೆಕ್ಕಸಬೆರಗಾಗಿ ನೋಡಿದಳು. “ಕಾಲಿಗೆ ಫರಸಿ ನೆಲ ಥಂಡಿ ಹತ್ತತೈತಿ” ಎಂದು ಅವರು ಗೋಡೆ ನೋಡುತ್ತ ಹೇಳಿದರು. ಏಪ್ರಿಲ್ ತಿಂಗಳು, ಫ್ಯಾನು ಬಿಸಿ ಗಾಳಿ ಬೀಸುತ್ತಿತ್ತು. ಶಂಕ್ರವ್ವ ಗಾದಿಯನ್ನು ನೋಡಿದರು, ನಮ್ಮ ಮನೆಯವರನ್ನು ನೋಡಿದರು, ಸೀರೆಯ ಸೆರಗು ಸರಿಮಾಡಿಕೊಂಡು ಕುಬಸದ ಮಾತು ಎತ್ತಿದರು.

ಅರ್ಧ ತಾಸು ಕಳೆಯಿತು. ಸೋಮವಾರವೋ ಗುರುವಾರವೋ, ಹಸಿರು ಸೀರೆ ಯಾರು ತರಬೇಕು, ಎಷ್ಟು ಬಗೆಯ ಉಂಡಿ ಕಟ್ಟಬೇಕು, ಎಲ್ಲದಕ್ಕೂ ನಾನು ಹೂಂ ಎಂದೆ. ಆಮೇಲೆ ತಿಳಿಯಿತು, ಒಂಬತ್ತು ಬಗೆಯ ಉಂಡಿಗೆ ಒಪ್ಪಿಕೊಂಡಿದ್ದೇನೆ. ನನ್ನ ಕಣ್ಣು ಇದ್ದದ್ದು ಆ ಮುಷ್ಟಿಯ ಮೇಲೆ. ಅವರು ಮಾತಿನ ಭರದಲ್ಲಿ ಇನ್ನೊಂದು ಕೈ ಆಡಿಸಿದಾಗಲೆಲ್ಲ ನಾನು ಕೂತಲ್ಲಿಂದ ಅರ್ಧ ಏಳುತ್ತಿದ್ದೆ.

ಆಗ ಸವಿತಾ ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತಳು. “ಅತ್ತಿ, ನೀವು ಸೋಫಾಕ್ಕ ಬರ್ರಿ. ಟೊಂಕ ನೋಯಾಕತ್ತೈತಿ, ನಾ ಒಂದೀಟು ತೂಗ್ಕೊಂತೇನಿ.”

“ಸೋಫಾದ ಮ್ಯಾಲೆ ಅಡ್ಡಾಗವಾ” ಎಂದರು ಶಂಕ್ರವ್ವ, ಅಲುಗದೆ.

“ಏ, ಏಳ್ರಿ ಅತ್ತಿ, ಎಷ್ಟೊತ್ತಿನಿಂದ ನೀವ ಕುಂತೀರಿ” ಎಂದು ಸವಿತಾ ನಗುತ್ತ ಹಗ್ಗಕ್ಕೆ ಕೈ ಹಾಕಿದಳು.

“ಸವಿತಾ, ಕೈ ತಗಿ” ಎಂದು ನಾನು ಒದರಿದ ದನಿಗೆ ಎದುರು ಮನೆಯ ನಾಯಿ ಬೊಗಳಿತು. “ಕುಂಡ್ರಬ್ಯಾಡ. ಅದು ಬಿಚ್ಚತೈತಿ. ದನದ ಗಂಟು ಹಾಕೇನಿ ಅದಕ್ಕ.”

ಸವಿತಾ ಕೈ ಹಿಂದಕ್ಕೆ ಎಳೆದುಕೊಂಡಳು. ಮಾನ ಹೋಯಿತು, ಹೋಗಲಿ ಎಂದುಕೊಂಡೆ. ಸೋಫಾದ ಇಸ್ತ್ರಿ ಬಟ್ಟೆಯ ಮೇಲೆಯೇ ಕೂತೆ.

“ನನಗ ಗೊತ್ತೈತ್ರಿ ಬಾಯಾರ” ಎಂದರು ಶಂಕ್ರವ್ವ, ಮೆಲ್ಲಗೆ. “ಬಾಗಲದಾಗ ನಿಂತಾಗ ನೋಡಿದೆ. ನಮ್ಮನ್ಯಾಗೂ ದನಾ ಅದಾವು, ದಿನಾ ಹಾಕೂ ಗಂಟು ಗುರ್ತ ಸಿಗಂಗಿಲ್ಲೇನು? ಈ ಹುಡುಗಿ ಬಂದಾಕಿನ ಕುಂಡ್ರಾಕ ಹೊಂಟ್ಲು. ಎರಡು ಜೀವದಾಕಿ. ಅದಕ್ಕ ನಾನ ಮೊದಲ ಹೋಗಿ ಕುಂತೆ. ಯಾರರ ಎಳದಾರು ಅಂತ ಇದನ್ನ ಹಿಡಕೊಂಡೇನಿ.” ಮುಷ್ಟಿಯನ್ನು ಸ್ವಲ್ಪ ಸಡಿಲಿಸಿ ತೋರಿಸಿದರು. ಗೊಂಡೆಯ ತುದಿಯನ್ನು ಮಡಿಚಿ, ಪಕ್ಕದ ಹಗ್ಗಕ್ಕೆ ಒತ್ತಿ ಹಿಡಿದಿದ್ದರು. ಅಂಗೈ ಕೆಂಪಾಗಿ ಹಗ್ಗದ ಗೆರೆ ಮೂಡಿತ್ತು.

“ಮತ್ತ ಬಾಯಿಬಿಟ್ಟು ಹೇಳಬೇಕಿಲ್ರಿ ಅಕ್ಕಾರ?” ಎಂದರು ನಮ್ಮ ಮನೆಯವರು.

“ಬೀಗರ ಮನ್ಯಾಗ ಕಾಲಿಡತಿದ್ದಂಗ ನಿಮ್ಮ ಗಂಟು ಬರೋಬರಿ ಇಲ್ಲ ಅಂತ ಹೆಂಗ ಹೇಳ್ಲಿ? ಬಾಯಾರಿಗೆ ಬ್ಯಾಸರಾಗೂದಿಲ್ಲೇನು?” ಎಂದವರು, ನನ್ನ ಕಡೆ ತಿರುಗಿದರು. ಸಿಟ್ಟೇನೂ ಇರಲಿಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದಂತಿತ್ತು. “ಅಲ್ರಿ ಬಾಯಾರ, ಮಗಳು ಕುಂಡ್ರಾಕ ಬಂದಾಗ ಒದರಿದ್ರಿ, ಖರೇ ಐತಿ. ನಾ ಅರ್ಧಾ ತಾಸು ಇದರಾಗ ಕುಂತಾಗ ಯಾಕ ಸುಮ್ನಿದ್ರಿ?”

ನಮ್ಮ ಮನೆಯವರು ಗಾದಿಯ ಅಂಚು ಸರಿಮಾಡತೊಡಗಿದರು. ಸವಿತಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಿಜವಾದ ಉತ್ತರ ನನಗೆ ಗೊತ್ತಿತ್ತು. ಆ ಹೆಂಗಸಿನ ಕೆಂಪಾದ ಅಂಗೈ ನೋಡುತ್ತ ಅದನ್ನು ಹೇಳಲು ಬಾಯಿ ಬರಲಿಲ್ಲ.

“ನೀವು ಹಗೂರ ಅದೀರಲ್ರಿ ಅಕ್ಕಾರ, ಏನಾಗಂಗಿಲ್ಲ ಅಂತ ತಿಳಕೊಂಡೆ” ಎಂದೆ.

ಶಂಕ್ರವ್ವ ಗೊಂಡೆಯನ್ನು ಜೋಪಾನವಾಗಿ ಸವಿತಾಳ ಕೈಗೆ ಹಿಡಿಸಿ, ಎಬ್ಬಿಸಿರೆಂದು ನನ್ನತ್ತ ಎರಡೂ ಕೈ ಚಾಚಿದರು. ನಾನು ಹಿಡಿದು ಎಳೆದೆ, ಅಲುಗಲಿಲ್ಲ. ನಮ್ಮ ಮನೆಯವರೂ ಬಂದು ಇನ್ನೊಂದು ಕೈ ಹಿಡಿದು ಜಗ್ಗಬೇಕಾಯಿತು.