ಹಲಗೆಗೆ ಅಡ್ಡ ಬಂದ ಕಳ್ಳಿ

ಪದವಿ ಪಡೆಯುವುದು ಕಷ್ಟ. ಪಡೆದ ಮೇಲೆ ಅದನ್ನು ಎಲ್ಲಿಡಬೇಕೆಂಬುದು ಇನ್ನೂ ಕಷ್ಟ. ತಲೆಯಲ್ಲಿಟ್ಟುಕೊಂಡರೆ ಯಾರಿಗೂ ಕಾಣುವುದಿಲ್ಲ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಸಾಲಿಯ ಮೆಟ್ಟಿಲು ಹತ್ತಿದವರಿಲ್ಲ. ಇಂಗಳೇಶ್ವರದ ಹೊಲದಿಂದ ವಿಜಾಪುರದ ಕಾಲೇಜಿನ ತನಕ ನಾನು ಹೋದದ್ದು ಅವರಿವರ ಮನೆಯಲ್ಲಿ ಉಂಡು, ಇನ್ನೊಬ್ಬರ ಪುಸ್ತಕ ಓದಿ. ಹಾಗಾಗಿ ಮುದ್ದೇಬಿಹಾಳದಲ್ಲಿ ಮಾಸ್ತರಿಕೆ ಸಿಕ್ಕ ಕೂಡಲೇ ಬಾಡಿಗೆ ಮನೆಯ ಬಾಗಿಲ ಪಕ್ಕ ಒಂದು ಹಲಗೆ ಬಡಿದೆ. ಹೆಸರು ಸಣ್ಣ ಅಕ್ಷರದಲ್ಲಿ, ‘ಬಿ.ಎ.’ ದೊಡ್ಡ ಅಕ್ಷರದಲ್ಲಿ.

ಅಂಥ ಹಲಗೆಯ ಕೆಳಗೆ ಒಂದು ಹೂವಿನ ಗಿಡ ಇರಬೇಡವೇ? ಗುಲಾಬಿ ಹಚ್ಚಿದೆ, ಸವಳು ನೀರಿಗೆ ಸತ್ತಿತು. ಮಲ್ಲಿಗೆ ಹಚ್ಚಿದೆ, ಆಡು ತಿಂದಿತು. ಕೊನೆಗೆ ನಮ್ಮ ಹೊಲದ ಬದುವಿನಿಂದ ಒಂದು ಚದುರಗಳ್ಳಿಯ ಕೊಂಬೆ ತಂದೆ. ಕಳ್ಳಿ ಬೆಳೆಸುವುದು ಕಾಲೇಜಿನಲ್ಲಿ ಕಲಿತದ್ದಲ್ಲ. ಅಪ್ಪನ ಹಿಂದೆ ಬೇಲಿ ಹಚ್ಚುತ್ತ ಕಲಿತದ್ದು. ಕಡಿದ ಕೊಂಬೆಯನ್ನು ಆವತ್ತೇ ನೆಡಬಾರದು. ಹಾಲು ಸೋರುವುದು ನಿಂತು, ಗಾಯ ಒಣಗಿ ಚರ್ಮ ಕಟ್ಟುವ ತನಕ ನೆರಳಲ್ಲಿ ಒರಗಿಸಬೇಕು. ನೆಟ್ಟ ಮೇಲೆ ನೀರು ಕೊಡಬೇಕೆನಿಸಿದಾಗಲೆಲ್ಲ ಕೈ ಕಟ್ಟಿಕೊಳ್ಳಬೇಕು. ಪ್ರೀತಿ ಹೆಚ್ಚಾದರೆ ಬುಡ ಕೊಳೆಯುತ್ತದೆ. ಚಿಮಣಿ ಎಣ್ಣೆಯ ಡಬ್ಬಿಯಲ್ಲಿ ಹಚ್ಚಿದ ಆ ಕೊಂಬೆ ಡಬ್ಬಿ ಒಡೆದು ನೆಲಕ್ಕೆ ಬೇರು ಬಿಟ್ಟಿತು. ಕೆಲವು ವರ್ಷಗಳಲ್ಲಿ ಅದು ಸಣ್ಣ ಗಿಡವಾಗಿ ಉಳಿಯಲಿಲ್ಲ, ಮರವಾಯಿತು. ಬಾಗಿಲ ಚೌಕಟ್ಟು ದಾಟಿ, ಎಲ್ಲ ಕಡೆ ಮುಳ್ಳಿನ ಕೈ ಎತ್ತಿ ನಿಂತಿತು. ನನ್ನ ಹಲಗೆ ಅದರ ಹಿಂದೆ ಪೂರಾ ಮುಚ್ಚಿಹೋಯಿತು. ಇವತ್ತೋ ನಾಳೆಯೋ ಹಲಗೆಯನ್ನು ಆಚೆ ಸರಿಸಬೇಕು ಅಂದುಕೊಳ್ಳುತ್ತಲೇ ಇದ್ದೆ. ಕಳ್ಳಿ ಸರಿಸುವ ವಿಚಾರ ಮಾತ್ರ ಬರಲಿಲ್ಲ.

ಆ ವಿಚಾರ ತಲೆಗೆ ತಂದಿಟ್ಟವರು ಸಿಂದಗಿಯ ಮಾವನವರು. ನನ್ನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋದವಳು ಮಾತಿನ ಭರದಲ್ಲಿ ಕಳ್ಳಿಯ ಸುದ್ದಿ ಹೇಳಿಬಿಟ್ಟಿದ್ದಳು. ಕಳ್ಳಿ ಬೆಳೆಯುವುದು ಹಾಳುಬಿದ್ದ ಮನೆಯ ಮುಂದೆ, ಅದರ ಹಾಲು ಕೂಸಿನ ಕಣ್ಣಿಗೆ ಬಿದ್ದರೆ ಗತಿಯೇನು, ಅದನ್ನು ಕಡಿಯುವ ತನಕ ಮಗಳನ್ನೂ ಮೊಮ್ಮಗಳನ್ನೂ ಕಳಿಸುವುದಿಲ್ಲ ಎಂದು ಅವರು ಹೇಳಿ ಕಳಿಸಿದರು. ಹಾಳುಮನೆಯ ಮಾತಿಗೆ ನನ್ನ ಬಳಿ ಬಿ.ಎ. ಮಟ್ಟದ ಉತ್ತರವಿತ್ತು. ಕಣ್ಣಿನ ಮಾತಿಗೆ ಇರಲಿಲ್ಲ. ನಾನು ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಒಮ್ಮೆ ನೋಡಿ ಬಂದವನು, ಅಷ್ಟೆ.

ಒಂದು ರವಿವಾರ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕೊಡಲಿ ಹಿಡಿದೆ. ಮನೆಯ ಮಾಲೀಕರಾದ ಖಾದರಸಾಬರು ಎದುರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಕಡಿದ ಕೊಂಬೆಗಳನ್ನು ನಾನು ಒಂದೊಂದಾಗಿ ಹಿತ್ತಲಿಗೆ ಒಯ್ದು ನೆರಳಲ್ಲಿ ಒರಗಿಸುವುದನ್ನು ಕಂಡು ಕೇಳಿದರು: “ಒಗಿಯೂದಿಲ್ಲಂದ್ರ ಮತ್ತ ಕಡದದ್ದರ ಯಾಕ್ರಿ ಮಾಸ್ತರ?” ರೂಢಿ ಎಂದೆ.

ಮರುದಿನ ಕಳ್ಳಿ ಹೋಯಿತೋ ಇಲ್ಲವೋ ನೋಡಲು ಮಾವನವರು ತಾವೇ ಬಸ್ಸಿಳಿದರು. ಈ ಮನೆಗೆ ಅವರು ಬಂದದ್ದು ಅದೇ ಮೊದಲು. ಬಂದಾಗ ರುಮಾಲು ಬಿಚ್ಚಿ ಕೈಯಲ್ಲಿತ್ತು, ಮುಖ ಕೆಂಪಾಗಿತ್ತು. ಸ್ಟ್ಯಾಂಡಿನಲ್ಲಿ ಅವರು ಹೆಮ್ಮೆಯಿಂದ ‘ಬಿ.ಎ. ಆದ ಮಾಸ್ತರ’ ಮನೆ ಕೇಳಿದ್ದರಂತೆ. ಅಂಥವರು ಯಾರೂ ಇಲ್ಲ, ಕಳ್ಳಿ ಮಾಸ್ತರು ಇದ್ದಾರೆ, ಮುಂದೆ ಮರದಂಥ ಕಳ್ಳಿ ಇದ್ದದ್ದೇ ಅವರ ಮನೆ ಎಂದು ಓಣಿ ತೋರಿಸಿದರಂತೆ. ಕಳ್ಳಿ ಹುಡುಕುವ ಕಣ್ಣಿಗೆ ಹಲಗೆ ಎಲ್ಲಿ ಕಂಡೀತು? ಬಿಸಿಲಲ್ಲಿ ಓಣಿಯ ಉದ್ದಕ್ಕೂ ಹೋಗಿ ಬಂದು ಮಾಡಿ, ಕೊನೆಗೆ ಖಾದರಸಾಬರ ಕೈಗೆ ಸಿಕ್ಕಿದ್ದರು.

“ಇದ ನೋಡ್ರಿ ನಿಮ್ಮ ಅಳಿಯಂದ್ರ ಮನಿ,” ಎಂದರು ಖಾದರಸಾಬರು. “ನಿನ್ನಿ ಬಂದಿದ್ರ ಗುರ್ತ ಸಿಗ್ತಿತ್ತು.”

ಮಾವನವರು ಎರಡು ತಂಬಿಗೆ ನೀರು ಕುಡಿದರು. ಬುಡದ ಮೋಟನ್ನು ನೋಡಿದರು, ನನ್ನನ್ನು ನೋಡಿದರು. “ಕಡಿ ಅಂದ್ರ ನಾ ಬಂದು ಮುಟ್ಟೂತನಕಾರ ತಡೀಬಾರ್ದೇನ?” ಎಂದು ಬೈದರು. ಆಮೇಲೆ ಹಿತ್ತಲಿಗೆ ಹೋಗಿ, ಒರಗಿಸಿದ ಕೊಂಬೆಗಳ ಮುಂದೆ ಬಹಳ ಹೊತ್ತು ನಿಂತು ಬಂದರು. “ಕೂಸಿನ ಕೈಗೆ ನಿಲುಕಬಾರ್ದು. ಓಣಿ ಬಾಯಾಗ ಹಚ್ಚು. ಮಗಳನ್ನ ಕರಕೊಂಡ ಬರೂಮುಂದ ನಾ ಮತ್ತ ದಾರಿ ಕೇಳಾಂವಲ್ಲ.” ಈಗಲೇ ಹಚ್ಚೋಣ ನಡಿ ಎಂದು ಎದ್ದೂ ಬಿಟ್ಟರು. ಗಾಯ ಒಣಗಲಿ ಮಾವಾರ ಎಂದು ನಾನೇ ಕೂರಿಸಿದೆ.

ಗಾಯ ಒಣಗಿತು. ದೊಡ್ಡ ಕೊಂಬೆಯನ್ನು ಓಣಿಯ ಬಾಯಲ್ಲಿ ನೆಟ್ಟೆ. ತಲೆ ಭಾರದ ಗಿಡ, ಬೇರು ಹಿಡಿಯುವ ತನಕ ಆಸರೆ ಬೇಕು. ಮನೆಯಲ್ಲಿ ಗಟ್ಟಿ ಹಲಗೆ ಇದ್ದದ್ದು ಒಂದೇ. ಅದನ್ನು ಕಿತ್ತು ತಂದು ಕಟ್ಟಿದೆ. ತಾಯಿಯೊಂದಿಗೆ ಮಗಳು ಬಂದಳು. ಈಗ ಅವಳನ್ನು ಎತ್ತಿಕೊಂಡು ಸಂಜೆ ಅಲ್ಲಿಯ ತನಕ ಹೋಗುತ್ತೇನೆ, ದೂರದಿಂದಲೇ ತೋರಿಸುತ್ತೇನೆ. ಓದು ಬಲ್ಲ ಹೊಸಬರು ಅಲ್ಲಿ ನಿಂತು, ಒಮ್ಮೆ ಹಲಗೆಯನ್ನೂ ಒಮ್ಮೆ ಕಳ್ಳಿಯನ್ನೂ ನೋಡಿ, ಈ ಊರಲ್ಲಿ ಬಿ.ಎ. ಆದದ್ದು ಕಳ್ಳಿಯೇ ಎಂಬ ಮುಖ ಮಾಡಿ ಮುಂದೆ ಹೋಗುತ್ತಾರೆ. ಸವಳು ನೆಲದಲ್ಲಿ, ನೀರು ಹಾಕುವವರಿಲ್ಲದೆ ಅದೂ ಬೆಳೆದದ್ದೇ. ನಾನು ಅವರನ್ನು ತಿದ್ದಲು ಹೋಗಿಲ್ಲ.