ಏಳನೇ ಗಾಳಿಯಂತ್ರದ ನೆರಳಿನ ಬಗ್ಗೆ ಕಟಿಂಗ್ ಶಾಪಿನ ಅಹವಾಲು

ಗುಡ್ಡದ ಮೇಲೆ ವಿರಾಜಮಾನರಾಗಿರುವ ಏಳನೇ ನಂಬರಿನ ಗಾಳಿಯಂತ್ರದವರಿಗೆ,

ಮಾನ್ಯರೇ,

ಗುಡ್ಡದ ಕೆಳಗಿನ ಕಟಿಂಗ್ ಶಾಪಿನವನು ಅಂಗಡಿಯ ಬಾಗಿಲಲ್ಲಿ ನಿಂತು, ಕತ್ತೆತ್ತಿ (ತಮ್ಮನ್ನು ನೋಡಲು ಬೇರೆ ದಾರಿಯಿಲ್ಲ) ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ತಿರುಗಾಟದಿಂದಲೇ ತಿಳಿಯುತ್ತದೆ.

ತಾವು ಬರುವ ಮುನ್ನ ಗುಡ್ಡದ ಮೇಲೆ ಕಂಬ ನೆಟ್ಟು ವರ್ಷವಿಡೀ ಗಾಳಿ ಅಳೆದರು. ಮನೆ ಬಾಡಿಗೆಗೆ ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ. ಆಮೇಲೆ ತಮ್ಮ ಒಂದೊಂದು ರೆಕ್ಕೆಯೂ ಉದ್ದನೆಯ ಲಾರಿಯಲ್ಲಿ ಮಲಗಿಕೊಂಡು ಬಂದಾಗ, ನಮ್ಮ ಬೀದಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳಬಾರದೆಂದು ನನ್ನ ಬೋರ್ಡನ್ನು ನಾನೇ ಬಿಚ್ಚಿಕೊಟ್ಟೆ, ಚಪ್ಪಾಳೆಯನ್ನೂ ತಟ್ಟಿದೆ. ಗಾಳಿ ಬಂದಾಗ ತೂರಿಕೋ ಎಂಬ ಮಾತನ್ನು ತಮ್ಮಷ್ಟು ಶ್ರದ್ಧೆಯಿಂದ ಪಾಲಿಸುವವರನ್ನು ನಾನು ಕಂಡಿಲ್ಲ. ಗಾಳಿ ಎತ್ತಲಿಂದ ಬಂದರೆ ಅತ್ತ ಮುಖ ತಿರುಗಿಸುವ ತಮ್ಮ ವಿದ್ಯೆಗೆ ನಮ್ಮೂರಿನ ಮುಖಂಡರೇ ತಲೆದೂಗಿದ್ದಾರೆ.

ತಕರಾರೆಲ್ಲ ತಮ್ಮ ನೆರಳಿನದು. ಸಂಜೆ ಸೂರ್ಯ ತಮ್ಮ ಬೆನ್ನ ಹಿಂದೆ ಇಳಿದಾಗ ರೆಕ್ಕೆಗಳ ನೆರಳು ನನ್ನ ಕನ್ನಡಿಯೊಳಗೆ ಸರಸರನೆ ಓಡಾಡುತ್ತದೆ. ಕುರ್ಚಿಯಲ್ಲಿದ್ದವರು ಕಣ್ಣು ಪಿಳಿಪಿಳಿ ಬಿಡುತ್ತಾರೆ, ಅವರ ಕುತ್ತಿಗೆಗೆ ಕತ್ತಿ ಹಿಡಿದ ನಾನೂ ಪಿಳಿಪಿಳಿ ಬಿಡುತ್ತೇನೆ. ಕೆಲಸ ಮುಗಿಸಿ ಜನ ಬರುವುದೇ ಆ ಹೊತ್ತಿಗೆ. ಎದುರು ಸಾಲಿನ ದರ್ಜಿ ಮೊನ್ನೆ “ಅಣ್ಣಾ, ತಲೆ ಸುತ್ತುತ್ತೆ, ಇನ್ನೊಂದಿನ ಬರ್ತೀನಿ” ಎಂದು ಸೋಪಿನ ನೊರೆಯೊಂದಿಗೇ ಎದ್ದು ಹೋದವರು, ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಗಡ್ಡ ಮುಗಿಸಿಕೊಂಡರಂತೆ. ಹೀಗೇ ಆದರೆ ಅಪ್ಪನ ಕಾಲದ ಅಂಗಡಿಗೆ ಬೀಗವೇ ಗತಿಯೆಂದು ನನಗೆ ನಿಜವಾಗಿಯೂ ಭಯವಾಗಿದೆ.

ಮನೆಗಳ ಮೇಲೆ ನೆರಳು ಬೀಳುವಷ್ಟು ಹೊತ್ತು ತಾವು ತಿರುಗದೆ ನಿಲ್ಲುವ ಏರ್ಪಾಡು ಇದೆಯಂತೆ. ಪಕ್ಕದ ಮನೆಗೆ ದಿನವೂ ನಿಂತು ಗೌರವ ತೋರುತ್ತೀರಿ. ಅಲ್ಲೀಗ ವಾಸವಿರುವುದು ಒಂದು ಬೆಕ್ಕು. ನೆರಳು ಆ ಮನೆಯನ್ನು ದಾಟಿದ್ದೇ ತಡ, ನನ್ನ ಅಂಗಡಿಯ ಪಾಲಿಗೆ ಗಿರಗಿರನೆ ಶುರು. ವಿಚಾರಿಸಿದರೆ, ನೆರಳು ಬೀಳುವ ಕಟ್ಟಡಗಳನ್ನು ಪಟ್ಟಿ ಮಾಡಲು ಸರ್ವೆಯವರು ಬಂದದ್ದು ನನ್ನ ವಾರದ ರಜೆಯ ದಿನವಂತೆ. ಮುಚ್ಚಿದ ಬಾಗಿಲು ಕಂಡು ‘ಪಾಳು ಶೆಡ್ಡು’ ಎಂದು ಬರೆದುಕೊಂಡು ಹೋದರಂತೆ.

ಆದಕಾರಣ ತಾವು ಸಂಜೆ ಹೊತ್ತು ದಯಮಾಡಿ ರೆಕ್ಕೆಗಳನ್ನು ಮಡಚಿಟ್ಟುಕೊಳ್ಳಬೇಕು; ಆಗದಿದ್ದರೆ ಕೊಂಚ ಪಕ್ಕಕ್ಕೆ ಮುಳುಗುವಂತೆ ಸೂರ್ಯನಿಗೆ ಶಿಫಾರಸು ಮಾಡಬೇಕು, ಇಬ್ಬರೂ ಎತ್ತರದಲ್ಲಿರುವವರು, ಪರಿಚಯವಿದ್ದೇ ಇರುತ್ತದೆ; ಅದೂ ಆಗದಿದ್ದರೆ ನನ್ನನ್ನೂ ಬೆಕ್ಕೆಂದು ಪರಿಗಣಿಸಬೇಕು. ಇಷ್ಟು ದಿನ ಊರಿನವರ ಜುಟ್ಟು ನನ್ನ ಕೈಯಲ್ಲಿತ್ತು, ಈಗ ನನ್ನ ಜುಟ್ಟು ತಮ್ಮ ಕೈಯಲ್ಲಿದೆ.

ತಮ್ಮ ನೆರಳಿನಡಿಯ ವಿಶ್ವಾಸಿ,
ಕಟಿಂಗ್ ಶಾಪಿನವನು

ವಿ.ಸೂ.: ಪತ್ರ ಮುಗಿಸುವಷ್ಟರಲ್ಲಿ, ನನ್ನ ಗೊಣಗಾಟ ಹೇಗೋ ಕಿವಿಗೆ ಬಿದ್ದು, ತಮ್ಮ ಇಂಜಿನಿಯರ್ ಸಾಹೇಬರೇ ವಿಚಾರಣೆಗೆ ಬಂದರು. ನೆರಳೇನು ಮಹಾ ಎಂದು ನಕ್ಕು, ಬಂದದ್ದಕ್ಕೆ ಮೀಸೆ ತೆಗೆಸಿಕೊಂಡು ಹೋಗುತ್ತೇನೆಂದು ಕುರ್ಚಿಯಲ್ಲಿ ಕುಳಿತರು. ಎಡಗಡೆಯದು ತೆಗೆದಾಯಿತು, ಬಲಗಡೆಗೆ ಕೈಯಿಡುವಾಗ ತಮ್ಮ ನೆರಳು ದಯಮಾಡಿಸಿತು. ಅಪಾಯವೆಂದು ನಾನು ಕತ್ತಿಯನ್ನು ಡಬ್ಬಿಗೆ ಹಾಕಿದ್ದೇನೆ. ಸಾಹೇಬರು ತಮ್ಮನ್ನು ನಿಲ್ಲಿಸಲು ಕಂಟ್ರೋಲ್ ರೂಮಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದಾರೆ. ತಾವು ಅನುಕೂಲವಾದಾಗ ನಿಲ್ಲಿ, ನನಗೇನೂ ಅವಸರವಿಲ್ಲ.